ಜೋಡಿ ದೋಣಿಯೂ ನಮ್ಮ ಹೊಳೆಗಳೂ

ಪುತ್ತೂರು, ಸುಳ್ಯ, ಕಡಬ — ಈ ಮೂರು ತಾಲೂಕುಗಳಲ್ಲಿ ಯಾವುದಕ್ಕೂ ಕಡಲ ತೀರವಿಲ್ಲ. ಇಲ್ಲಿಯ ವಿದ್ಯಾರ್ಥಿಗಳ ಮುಂದೆ ಕೆಟಮರಾನಿನ ಮಾತೆತ್ತಿದರೆ, ‘ಅದು ಸಿರಿವಂತ ದೇಶಗಳವರ ಕಡಲ ವಿನೋದ, ಅಡಕೆ ತೋಟಗಳ ನಡುವೆ ಬೆಳೆದ ನಮಗೆ ಅದರ ಗೊಡವೆ ಏಕೆ?’ ಎಂದು ಕೇಳುವವರು ಇದ್ದಾರು. ಪ್ರಶ್ನೆ ನ್ಯಾಯವಾದುದೇ. ಆದುದರಿಂದ ನಮ್ಮ ಉತ್ತರವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಈ ಮೂರು ತಾಲೂಕುಗಳು ಹೊಳೆಗಳ ನಾಡು. ಪುಷ್ಪಗಿರಿಯ ಮಗ್ಗುಲಲ್ಲಿ ಹುಟ್ಟಿದ ಕುಮಾರಧಾರೆ ಸುಬ್ರಹ್ಮಣ್ಯವನ್ನು ದಾಟಿ, ಕಡಬದ ಸೀಮೆಯಲ್ಲಿ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಕೊಡಗಿನ ಕಡೆಯಿಂದ ಇಳಿದು ಬರುವ ಪಯಸ್ವಿನಿ ಸುಳ್ಯದ ಮಗ್ಗುಲಲ್ಲಿ ಸಾಗಿ, ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯೆನಿಸಿಕೊಂಡು ಕಡಲು ಸೇರುತ್ತದೆ. ಇಷ್ಟು ನೀರಿನ ನಡುವೆ ಬಾಳುವ ಮಕ್ಕಳಿಗೆ ನೀರಿನ ವಿದ್ಯೆ ಇಲ್ಲವಾಗುತ್ತಿದೆ. ಅದನ್ನು ಮರಳಿ ತಂದುಕೊಡಲು ಜೋಡಿ ದೋಣಿಯಷ್ಟು ಸುಲಭವಾದ, ಅಗ್ಗವಾದ ಸಾಧನ ಬೇರೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ವಿಹಾರದ ನೌಕೆಗಳು ಬರುವುದಕ್ಕೆ ಮುನ್ನ ಅದು ಶಾಲೆಗಳಿಗೆ ಬರಬೇಕು.

ಮೊದಲು ಹೆಸರಿನ ವಿಚಾರ. ಕೆಟಮರಾನ್ ಎಂಬುದು ಇಂಗ್ಲಿಷ್ ಮಾತಿನಂತೆ ಕೇಳಿಸಿದರೂ ಅದು ತಮಿಳಿನ ‘ಕಟ್ಟುಮರಂ’. ಕಟ್ಟು, ಮರ ಎಂಬ ಎರಡು ಪದಗಳಿಗೂ ಕನ್ನಡಿಗನಿಗೆ ಅರ್ಥ ಹೇಳಬೇಕಾದುದಿಲ್ಲ. ಚೋಳಮಂಡಲ ತೀರದ ಬೆಸ್ತರು ಹಗುರವಾದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು, ಅದರ ಮೇಲೆ ಕುಳಿತು ಕಡಲಿಗೆ ಹೋಗುತ್ತಿದ್ದರು. ವಿಲಿಯಂ ಡ್ಯಾಂಪಿಯರ್ ಎಂಬ ಇಂಗ್ಲಿಷ್ ನಾವಿಕನು 1697ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಹೆಸರನ್ನು ಬರೆದುದರಿಂದ ಅದು ಪಶ್ಚಿಮದ ಭಾಷೆಗಳಲ್ಲಿ ಬಳಕೆಗೆ ಬಂದಿತು. ಆದರೆ ಇಂದು ಆ ಹೆಸರಿನಿಂದ ಕರೆಯುವ ವಸ್ತು ದಿಮ್ಮಿಗಳ ತೆಪ್ಪವಲ್ಲ. ಎರಡು ಕಿರಿದಾದ ದೋಣಿಗಳನ್ನು ದೂರದೂರವಿರಿಸಿ, ಅಡ್ಡತೊಲೆಗಳಿಂದ ಒಂದುಗೂಡಿಸಿದ ನೌಕೆ. ಆ ರೂಪವನ್ನು ಪರಿಪೂರ್ಣಗೊಳಿಸಿದವರು ಶಾಂತಸಾಗರದ ದ್ವೀಪವಾಸಿಗಳು. ಹೀಗೆ ತಮಿಳರ ಹೆಸರೂ ಪಾಲಿನೇಶಿಯದವರ ರೂಪವೂ ಯುರೋಪಿಯನರ ಬಾಯಲ್ಲಿ ಒಂದಾದುವು.

ಹಾಗಾದರೆ ಜೋಡಿ ದೋಣಿ ನಮ್ಮಲ್ಲಿ ಇರಲಿಲ್ಲವೇ? ಇದ್ದಿತು. ಕ್ರಿ. ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಗ್ರಂಥವು ದಕ್ಷಿಣ ಭಾರತದ ರೇವುಗಳನ್ನು ವರ್ಣಿಸುವಾಗ, ಒಂಟಿಮರದ ದೋಣಿಗಳನ್ನು ಜೊತೆಯಾಗಿ ಕಟ್ಟಿದ ‘ಸಂಗರ’ ಎಂಬ ದೊಡ್ಡ ನಾವೆಗಳನ್ನು ಹೇಳುತ್ತದೆ. ದ್ರಾವಿಡ ಭಾಷೆಗಳನ್ನು ಹೋಲಿಸಿ ಅಭ್ಯಾಸ ಮಾಡಿದ ಕಾಲ್ಡ್‌ವೆಲ್ ಪಂಡಿತನು ಈ ಪದದ ಬಂಧುಗಳೆಂದು ಸಂಸ್ಕೃತದ ಒಂದು ಪದವನ್ನೂ, ಮಲಯಾಳದ ‘ಚಙ್ಙಾಡಂ’ ಎಂಬುದನ್ನೂ, ತುಳುವಿನ ‘ಜಂಗಾಲ’ ಎಂಬುದನ್ನೂ ಎತ್ತಿ ತೋರಿಸಿದ್ದಾನೆ. ಪಶ್ಚಿಮ ಕರಾವಳಿಯ ಕಡವುಗಳಲ್ಲಿ ಎರಡು ದೋಣಿಗಳ ಮೇಲೆ ಹಲಗೆ ಹಾಸಿ, ಒಂಟಿ ದೋಣಿಗೆ ಹೊರಲಾಗದ ಗಾಡಿಗಳನ್ನೂ ಜಾನುವಾರುಗಳನ್ನೂ ದಾಟಿಸುತ್ತಿದ್ದುದು ಇದರಿಂದಲೇ. ಪುತ್ತೂರಿನ ತುಳು ಮಾತಾಡುವ ಹುಡುಗನೊಬ್ಬನಿಗೆ ಕೆಟಮರಾನ್ ಅಪರಿಚಿತವೆನಿಸಿದರೆ, ಅವನ ಅಜ್ಜನ ಭಾಷೆಯಲ್ಲಿ ಅದಕ್ಕೊಂದು ಹೆಸರಿದ್ದಿತೆಂದು ಅವನಿಗೆ ಯಾರೂ ಹೇಳಿಲ್ಲವೆಂದೇ ಅರ್ಥ.

ಇನ್ನು ಶಾಸ್ತ್ರದ ಮಾತು. ಎರಡು ದೋಣಿಗಳನ್ನು ಅಗಲಿಸಿ ಕಟ್ಟುವುದರಿಂದ ಲಾಭವೇನು? ವಿದ್ಯಾರ್ಥಿಗಳು ಕಾಗದ, ಪೆನ್ಸಿಲು ಹಿಡಿದು ತಾವೇ ಇದನ್ನು ಲೆಕ್ಕ ಹಾಕಿ ನೋಡಬಹುದು. 5 ಮೀಟರ್ ಉದ್ದ, 1 ಮೀಟರ್ ಅಗಲದ, ಪೆಟ್ಟಿಗೆಯ ಆಕಾರದ ಒಂದು ದೋಣಿಯನ್ನು ಎಣಿಸಿಕೊಳ್ಳಿರಿ. ದೋಣಿ ಪಕ್ಕಕ್ಕೆ ಕೊಂಚ ವಾಲಿದಾಗ ಅದನ್ನು ನೆಟ್ಟಗೆ ನಿಲ್ಲಿಸುವ ಗುಣವು, ನೀರಿನ ಮಟ್ಟದಲ್ಲಿ ಅದು ಆವರಿಸಿರುವ ಜಾಗದ ಆಕಾರವನ್ನು ಅವಲಂಬಿಸಿದೆ. ಉದ್ದವನ್ನು ಅಗಲದ ಘನದಿಂದ ಗುಣಿಸಿ, 12ರಿಂದ ಭಾಗಿಸಿದರೆ ಆ ಗುಣದ ಅಳತೆ ದೊರೆಯುತ್ತದೆ. ನಮ್ಮ ದೋಣಿಗೆ ಇದು 5 ಭಾಗ 12, ಎಂದರೆ ಸುಮಾರು 0.42. ಈಗ ಅದೇ ದೋಣಿಯನ್ನು ಉದ್ದಕ್ಕೆ ಸೀಳಿ, ಅರ್ಧ ಮೀಟರ್ ಅಗಲದ ಎರಡು ದೋಣಿಗಳನ್ನಾಗಿ ಮಾಡಿ, ಅವುಗಳ ನಡುಗೆರೆಗಳ ನಡುವೆ ಒಂದೂವರೆ ಮೀಟರ್ ಅಂತರವಿರುವಂತೆ ಕಟ್ಟೋಣ. ಪ್ರತಿಯೊಂದಕ್ಕೂ ಸ್ವಂತವಾಗಿ ಉಳಿಯುವ ಅಳತೆ ಸುಮಾರು 0.05 ಮಾತ್ರ. ಆದರೆ ಅದು ನಟ್ಟನಡುವಿನಿಂದ 0.75 ಮೀಟರ್ ದೂರದಲ್ಲಿರುವುದರಿಂದ, ಅದರ ಮಟ್ಟದ ವಿಸ್ತೀರ್ಣವಾದ 2.5 ಚದರ ಮೀಟರನ್ನು ಆ ದೂರದ ವರ್ಗದಿಂದ ಗುಣಿಸಿ ಕೂಡಿಸಬೇಕು. ಅದು ಸುಮಾರು 1.41. ಎರಡೂ ದೋಣಿಗಳದು ಸೇರಿ ಮೊತ್ತ 2.92 ಆಗುತ್ತದೆ. ಮೊದಲಿನದಕ್ಕೆ ಹೋಲಿಸಿದರೆ ಸರಿಯಾಗಿ 7 ಪಾಲು! ಮರ ಹೆಚ್ಚು ಕಡಿಮೆ ಅಷ್ಟೇ, ಹೊರುವ ಭಾರವೂ ಅಷ್ಟೇ. ಜಾಗ ಬದಲಿಸಿದುದರಿಂದ ಮಾತ್ರ ಈ ಬಲ ಬಂದಿತು.

ಎರಡನೆಯ ಲಾಭ ವೇಗದ್ದು. ದೋಣಿ ಮುಂದೆ ಸಾಗುವಾಗ ನೀರನ್ನು ತಳ್ಳಿ ತೆರೆಗಳನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ತೆರೆ ಉದ್ದವಾಗುತ್ತಾ ಹೋಗಿ, ಕೊನೆಗೆ ದೋಣಿ ತಾನೇ ಎಬ್ಬಿಸಿದ ತೆರೆಯ ಏರನ್ನು ಹತ್ತಲು ಹೆಣಗಬೇಕಾಗುತ್ತದೆ. 5 ಮೀಟರ್ ಉದ್ದದ ಸಾಧಾರಣ ದೋಣಿಗೆ ಈ ಎಲ್ಲೆ ಗಂಟೆಗೆ ಸುಮಾರು 10 ಕಿಲೋಮೀಟರ್. ಅಗಲಕ್ಕಿಂತ ಹತ್ತು ಪಾಲು ಉದ್ದವಿರುವ ಕಿರಿದಾದ ಒಡಲು ನೀರನ್ನು ಕೊಯ್ದುಕೊಂಡು ಹೋಗುವುದರಿಂದ ಅದು ಎಬ್ಬಿಸುವ ತೆರೆ ಸಣ್ಣದು. ಆ ಎಲ್ಲೆಯ ಕಾಟವೂ ಅದಕ್ಕೆ ಕಡಿಮೆ. ಅಷ್ಟು ಕಿರಿದಾದ ದೋಣಿ ಒಂಟಿಯಾಗಿದ್ದರೆ ಹೊರಳಿಬೀಳುತ್ತಿದ್ದಿತು, ಜೊತೆಗಾರನಿರುವುದರಿಂದ ಬೀಳದು.

ಲಾಭವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ನೀರಿಗೆ ತಗುಲುವ ಮೈ ಹೆಚ್ಚಾಗಿರುವುದರಿಂದ ಜೋಡಿ ದೋಣಿ ನಿಧಾನಗತಿಯಲ್ಲಿ ಒಂಟಿ ದೋಣಿಗಿಂತ ಭಾರವಾಗಿ ಸಾಗುತ್ತದೆ. ತಿರುಗಿಸಲು ಹೆಚ್ಚು ಜಾಗ ಬೇಕು. ಎಲ್ಲಕ್ಕಿಂತ ಮುಖ್ಯವಾದುದು ಇದು: ಒಂದು ಒಡಲು ನೀರಿನಿಂದ ಮೇಲೆದ್ದಿತೆಂದರೆ ಅಲ್ಲಿಂದ ಮುಂದೆ ಅದರ ಸ್ಥಿರತೆ ಕುಗ್ಗುತ್ತಲೇ ಹೋಗುತ್ತದೆ, ಒಮ್ಮೆ ಕವುಚಿದರೆ ತಾನಾಗಿ ನೆಟ್ಟಗಾಗುವುದಿಲ್ಲ. ಏಳು ಪಾಲು ಸ್ಥಿರತೆ ಎಂದರೆ ಏಳು ಪಾಲು ಜನರನ್ನು ತುಂಬಲು ಪರವಾನಗಿಯಲ್ಲ.

ಈ ನೌಕೆಯನ್ನು ಹೊರಜಗತ್ತು ಹೇಗೆ ಬಳಸಿಕೊಂಡಿತೆಂಬುದು ಸ್ವಾರಸ್ಯವಾದ ಕಥೆ. ಅಮೆರಿಕದ ನೆಥಾನಿಯಲ್ ಹೆರ್ರೆಶಾಫ್ ಎಂಬ ನೌಕಾಶಿಲ್ಪಿ 1876ರಲ್ಲಿ ‘ಅಮರಿಲಿಸ್’ ಎಂಬ ಜೋಡಿ ಹಾಯಿದೋಣಿಯನ್ನು ಕಟ್ಟಿ, ನ್ಯೂಯಾರ್ಕಿನ ಪಂದ್ಯದಲ್ಲಿ ಉಳಿದವರನ್ನೆಲ್ಲ ಹಿಂದೆ ಹಾಕಿದನು. ಸೋತವರು ತಕರಾರು ತೆಗೆದು, ಇಂತಹ ದೋಣಿಗಳನ್ನು ತಮ್ಮ ಪಂದ್ಯಗಳಿಂದಲೇ ದೂರವಿರಿಸಿದರು. ಹೊಸ ವಿಚಾರಕ್ಕೆ ಸಭ್ಯರ ಕೂಟಗಳಲ್ಲಿ ದೊರೆಯುವ ಸ್ವಾಗತವು ಎಲ್ಲ ಕಾಲದಲ್ಲಿಯೂ ಒಂದೇ ಬಗೆಯದು. ಆದರೆ ಶಾಸ್ತ್ರವನ್ನು ಎಷ್ಟು ಕಾಲ ಹೊರಗಿಡಬಹುದು? ‘ಟಾರ್ನೇಡೋ’ ಎಂಬ ಜೋಡಿ ದೋಣಿ 1976ರಿಂದ 2008ರವರೆಗೆ ಒಲಿಂಪಿಕ್ ಪಂದ್ಯಗಳಲ್ಲಿ ಓಡಿತು. 2016ರಿಂದ ಒಬ್ಬ ಪುರುಷನೂ ಒಬ್ಬ ಸ್ತ್ರೀಯೂ ಜೊತೆಯಾಗಿ ನಡೆಸುವ ‘ನಾಕ್ರಾ 17’ ಎಂಬುದು ಆ ಸ್ಥಾನಕ್ಕೆ ಬಂದಿದೆ. 1993ರಲ್ಲಿ ಬ್ರೂನೊ ಪೆಯ್ರೋನ್ ಎಂಬ ಫ್ರೆಂಚ್ ನಾವಿಕನು ತನ್ನ ಸಂಗಡಿಗರೊಡನೆ ಜೋಡಿ ಹಾಯಿದೋಣಿಯಲ್ಲಿ 80 ದಿನಗಳೊಳಗೆ ಭೂಪ್ರದಕ್ಷಿಣೆ ಮಾಡಿ ಮುಗಿಸಿದನು. 2013ರ ‘ಅಮೆರಿಕ ಕಪ್’ ಪಂದ್ಯದಲ್ಲಿಯಂತೂ ನೀರೊಳಗಿನ ರೆಕ್ಕೆಗಳ ಬಲದಿಂದ ಎರಡು ಒಡಲುಗಳೂ ನೀರನ್ನು ಬಿಟ್ಟು ಮೇಲೆದ್ದು, ಬರಿಯ ಗಾಳಿಯ ಶಕ್ತಿಯಿಂದ ಗಂಟೆಗೆ 80 ಕಿಲೋಮೀಟರ್ ವೇಗವನ್ನು ಮೀರಿದುವು.

ವಿನೋದದ ಮಾತಿಗೆ ಬಂದರೆ, ಕ್ಯಾಲಿಫೋರ್ನಿಯದ ಹೋಬಿ ಆಲ್ಟರ್ ಎಂಬಾತನು 1960ರ ದಶಕದ ಕೊನೆಯಲ್ಲಿ, ಮರಳ ದಂಡೆಯಿಂದಲೇ ನೀರಿಗೆ ನೂಕಬಹುದಾದ ಹಗುರವಾದ ಜೋಡಿ ಹಾಯಿದೋಣಿಗಳನ್ನು ಮಾಡಿದನು. ಬಂದರು, ಧಕ್ಕೆ, ಆಳು, ಸೇವಕ ಯಾವುದೂ ಬೇಡದ ಆ ದೋಣಿಯಿಂದ ಹಾಯಿಯ ಆಟ ಸಾಮಾನ್ಯರ ಕೈಗೆ ಬಂದಿತು. ಪ್ರಯಾಣದಲ್ಲಿ ಇದರ ಉಪಯೋಗವನ್ನು ನೋಡಲು ದೂರ ಹೋಗಬೇಕಾದುದಿಲ್ಲ. ನೆರೆಯ ಕೇರಳದ ವೈಕಂನಲ್ಲಿ 2017ರಲ್ಲಿ ಓಡತೊಡಗಿದ, ಸೂರ್ಯನ ಬಿಸಿಲಿನಿಂದ ನಡೆಯುವ ‘ಆದಿತ್ಯ’ ಎಂಬ 75 ಮಂದಿಯ ನೌಕೆ ಜೋಡಿ ಒಡಲಿನದು. 2023ರ ಏಪ್ರಿಲಿನಲ್ಲಿ ಆರಂಭವಾದ ಕೊಚ್ಚಿಯ ಜಲಮೆಟ್ರೋ ನೌಕೆಗಳೂ ಅದೇ ಜಾತಿಯವು. ಅಗಲವಾದ ಅಟ್ಟ, ಕಡಿಮೆ ಓಲಾಟ, ದಂಡೆಯನ್ನು ಕೊರೆಯದ ಸಣ್ಣ ತೆರೆ — ಹಿನ್ನೀರಿನ ಪ್ರಯಾಣಕ್ಕೆ ಇವು ಹೇಳಿ ಮಾಡಿಸಿದ ಗುಣಗಳು. ಇವೆಲ್ಲಕ್ಕೂ ಹಿಂದಿನ ಪರಂಪರೆಯನ್ನು ನೆನಪಿಸುವಂತೆ, 1976ರಲ್ಲಿ ಹವಾಯಿಯ ಜನರು ‘ಹೋಕುಲೆಅ’ ಎಂಬ ಜೋಡಿ ದೋಣಿಯಲ್ಲಿ ದಿಕ್ಸೂಚಿಯನ್ನೂ ಇಟ್ಟುಕೊಳ್ಳದೆ, ನಕ್ಷತ್ರಗಳನ್ನೂ ತೆರೆಗಳನ್ನೂ ನೋಡಿಕೊಂಡು ತಾಹಿತಿಗೆ ಹೋಗಿ ಮುಟ್ಟಿದರು. ತಮ್ಮ ಹಿರಿಯರು ಗಾಳಿಗೆ ಸಿಕ್ಕಿ ದಾರಿ ತಪ್ಪಿ ಬಂದವರಲ್ಲ, ದಾರಿ ಬಲ್ಲವರಾಗಿ ಬಂದವರೆಂದು ಆ ಯಾನದಿಂದ ಅವರು ಸಾಧಿಸಿ ತೋರಿದರು. ಮರೆತ ವಿದ್ಯೆಯೊಂದನ್ನು ಮರಳಿ ಪಡೆದ ಆ ಜನಾಂಗದಿಂದ ನಾವು ಕಲಿಯುವುದಿದೆ.

ಏಕೆಂದರೆ ನಮ್ಮ ನಾಡಿನಲ್ಲಿಯೂ ನೀರಿನ ವಿದ್ಯೆ ಮರೆಯುತ್ತಿದೆ. ಹಿಂದೆ ಮಂಗಳೂರಿನಿಂದ ಬಂಟ್ವಾಳದವರೆಗೆ ನೇತ್ರಾವತಿಯಲ್ಲಿ ದೋಣಿಗಳು ಸರಕು ಸಾಗಿಸುತ್ತಿದ್ದುವು. ಅದಕ್ಕೂ ಮೇಲಿನ ಊರುಗಳಲ್ಲಿ ಕಡವಿನ ದೋಣಿಯೇ ರಸ್ತೆಯಾಗಿದ್ದಿತು. ಮಳೆಗಾಲದಲ್ಲಿ ದೋಣಿ ನಿಂತರೆ ಹಳ್ಳಿಗೆ ಹಳ್ಳಿಯೇ ದ್ವೀಪ. ಈ ಸಂಕಟವನ್ನು ಕಂಡ ಸುಳ್ಯದ ಗಿರೀಶ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಬಳಿಕ ನಾಡಿನ ಹಲವು ಕಡೆ ಅಂತಹ ನೂರಕ್ಕೂ ಮಿಕ್ಕಿ ಸೇತುವೆಗಳನ್ನು ಕಟ್ಟಿ, 2017ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಪ್ರತಿ ಮಳೆಗಾಲವೂ ಮುಳುಗುತ್ತಿದ್ದ ಹೊಸ್ಮಠದ ಹಳೆಯ ಸೇತುವೆಯ ಬಳಿ ಈಗ ಎತ್ತರದ ಸೇತುವೆ ಇದೆ. ಇವು ಉಪಕಾರದ ಕೆಲಸಗಳೆಂಬುದರಲ್ಲಿ ಎರಡು ಮಾತಿಲ್ಲ; ಕಡವಿನ ದೋಣಿಯ ದಿನಗಳು ಮರಳಿ ಬರಲೆಂದು ಯಾರೂ ಹಾರೈಸರು. ಆದರೆ ಸೇತುವೆಯೊಂದಿಗೆ ಇನ್ನೊಂದು ಬದಲಾವಣೆಯೂ ಬಂದಿತು. ಹೊಳೆಯ ಸೆಳವು ಎಲ್ಲಿ, ಸುಳಿ ಎಲ್ಲಿ, ಕಯ ಎಷ್ಟು ಆಳ, ಮೇಲಿನ ಗಟ್ಟದಲ್ಲಿ ಮಳೆಯಾದರೆ ಎಷ್ಟು ಹೊತ್ತಿಗೆ ಇಲ್ಲಿ ನೀರು ಏರುತ್ತದೆ ಎಂಬುದನ್ನು ಬಲ್ಲ ದೋಣಿಯವನು ಇಲ್ಲವಾದನು. ಅವನೊಡನೆ ಅವನ ಅರಿವೂ ಹೋಯಿತು.

ಇದರ ಬೆಲೆಯನ್ನು ತೆರುತ್ತಿರುವವರು ಎಳೆಯರು. ರಜೆಯ ದಿನಗಳಲ್ಲಿ ಹೊಳೆಗೆ ಸ್ನಾನಕ್ಕೆ ಇಳಿದ ವಿದ್ಯಾರ್ಥಿಗಳು ಮುಳುಗಿ ತೀರಿಕೊಂಡ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಯಾವ ವರ್ಷ ಬಂದಿಲ್ಲ? ಒಬ್ಬನು ಮುಳುಗುವಾಗ ಅವನನ್ನು ಹಿಡಿಯಹೋದ ಗೆಳೆಯನೂ ಮುಳುಗುವುದು ಇನ್ನೂ ದಾರುಣ. ಇದಕ್ಕೆ ನಾವು ಕಂಡುಕೊಂಡ ಪರಿಹಾರವೆಂದರೆ ‘ಹೊಳೆಗೆ ಇಳಿಯಬಾರದು’ ಎಂಬ ಎಚ್ಚರಿಕೆಯ ಹಲಗೆ. ಹಲಗೆ ಬೇಕು, ನಿಜ. ಆದರೆ ಹೊಳೆಯ ಪಕ್ಕದಲ್ಲಿ ಹುಟ್ಟಿದವನನ್ನು ಹೊಳೆಯಿಂದ ಎಷ್ಟು ಕಾಲ ದೂರವಿಡಬಹುದು? ಭಯದಿಂದ ದೂರವಿದ್ದವನು ಎಂದೋ ಒಂದು ದಿನ ಅರಿವಿಲ್ಲದೆ ಇಳಿಯುತ್ತಾನೆ. ಅರಿತವನು ಎಲ್ಲಿ ಇಳಿಯಬಾರದೆಂಬುದನ್ನು ಬಲ್ಲನು.

ಇತ್ತ ಸರಕಾರದ ದೃಷ್ಟಿಯೂ ಹೊಳೆಗಳತ್ತ ತಿರುಗಿದೆ. 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯಿದೆಯಲ್ಲಿ ದೇಶದ 111 ಜಲಮಾರ್ಗಗಳನ್ನು ಹೆಸರಿಸಿದಾಗ ನೇತ್ರಾವತಿಯೂ ಆ ಪಟ್ಟಿಗೆ ಸೇರಿತು. ಮಂಗಳೂರಿನ ಅಳಿವೆಯ ಭಾಗದಲ್ಲಿ ಕೊಚ್ಚಿಯ ಮಾದರಿಯ ಜಲಮೆಟ್ರೋ ನಡೆಸುವ ಪ್ರಸ್ತಾಪವೂ ಬಂದಿದೆ. ಅಳಿವೆಯಲ್ಲಿ ಅದು ಯೋಗ್ಯವಾದೀತು. ಆದರೆ ಅದೇ ಉತ್ಸಾಹದಲ್ಲಿ ಉಪ್ಪಿನಂಗಡಿಗೂ ಸುಬ್ರಹ್ಮಣ್ಯಕ್ಕೂ ದೊಡ್ಡ ವಿಹಾರನೌಕೆಗಳನ್ನು ತರುವ ಮಾತನ್ನು ಯಾರಾದರೂ ಆಡಿದರೆ, ನಾವು ಅದನ್ನು ಒಪ್ಪಲಾರೆವು. ನಮ್ಮ ಹೊಳೆ ಹಿನ್ನೀರಲ್ಲ. ವರ್ಷದ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. 1923ರಲ್ಲಿಯೂ 1974ರಲ್ಲಿಯೂ ಪೇಟೆಗಳೊಳಕ್ಕೆ ನುಗ್ಗಿದ ಬೊಳ್ಳವನ್ನು ಹಿರಿಯರು ಮರೆತಿಲ್ಲ. ಅದೇ ಹೊಳೆ ಬೇಸಗೆಯಲ್ಲಿ ಬಂಡೆಗಳ ನಡುವೆ ಮೊಣಕಾಲುದ್ದದ ನೀರಾಗಿ ಉಳಿಯುತ್ತದೆ. ಇಂತಹ ಹೊಳೆಯಲ್ಲಿ ಲಾಭದ ಲೆಕ್ಕಕ್ಕೆ ನೌಕೆ ನಡೆಸುವವನು ನೀರಿಲ್ಲದಾಗ ನಷ್ಟವನ್ನೂ, ನೀರಿರುವಾಗ ಅಪಾಯವನ್ನೂ ಎದುರಿಸಬೇಕಾಗುತ್ತದೆ. ಅಪಾಯವನ್ನು ಪ್ರಯಾಣಿಕರು ಹೊರುತ್ತಾರೆ. 2019ರ ಜನವರಿಯಲ್ಲಿ ಕಾರವಾರದ ಬಳಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಮಂದಿ ಸತ್ತರು. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ಎರಡು ಅಂತಸ್ತಿನ ವಿಹಾರದೋಣಿ ಮಗುಚಿ 22 ಮಂದಿ ಸತ್ತರು. ಅಟ್ಟದ ಮೇಲೆ ಜನರು ಏರಿದಷ್ಟೂ ಭಾರದ ಕೇಂದ್ರ ಮೇಲೇರುತ್ತದೆ, ನೆಟ್ಟಗಾಗುವ ಬಲ ಇಳಿಯುತ್ತದೆ — ಪ್ರೌಢಶಾಲೆಯ ಈ ಪಾಠವನ್ನು ಪ್ರಯಾಣಿಕರಲ್ಲಿ ನಾಲ್ವರಾದರೂ ಬಲ್ಲವರಾಗಿದ್ದರೆ ಮೇಲಿನ ಅಂತಸ್ತಿಗೆ ಹತ್ತಲು ಅವರು ಒಪ್ಪುತ್ತಿದ್ದರೇ?

ಹಾಗಾದರೆ ನಮ್ಮ ಸೂಚನೆ ಏನು? ಹೊಳೆ, ತೋಡುಗಳಿಗೆ ಅಡ್ಡಲಾಗಿ ಕಟ್ಟಿದ ಕಿಂಡಿ ಅಣೆಕಟ್ಟುಗಳು ನಮ್ಮಲ್ಲಿ ಅನೇಕವಿವೆ. ಮಳೆ ಮುಗಿದ ಮೇಲೆ ಹಲಗೆ ಹಾಕಿದರೆ ಅವುಗಳ ಹಿಂದೆ ಕೆಲವು ತಿಂಗಳು ಶಾಂತವಾದ ನೀರು ನಿಲ್ಲುತ್ತದೆ. ತೋಟಗಳಿಗಾಗಿ ನಿಲ್ಲಿಸಿದ ಈ ನೀರೇ ವಿದ್ಯಾರ್ಥಿಗಳ ನೌಕಾಶಾಲೆಯಾಗಬಲ್ಲುದು. ಪ್ರತಿ ತಾಲೂಕಿನಲ್ಲಿ ತಕ್ಕ ಒಂದು ಸ್ಥಳವನ್ನು ಆರಿಸಿ, ಡಿಸೆಂಬರಿನಿಂದ ಮಾರ್ಚಿಯವರೆಗೆ ಅಲ್ಲಿ ದೋಣಿಯ ಪಾಠ ನಡೆಯಲಿ. ದೋಣಿ ಮೇಲೆ ಹೇಳಿದ ಅಳತೆಯದೇ ಸಾಕು: 5 ಮೀಟರ್ ಉದ್ದದ ಎರಡು ಒಡಲುಗಳು, ನೀರು ನುಗ್ಗದಂತೆ ಒಳಗೆ ಮುಚ್ಚಿದ ಕೋಣೆಗಳು, ಬಿದಿರಿನ ಅಡ್ಡತೊಲೆಗಳು, ಹಗ್ಗದ ಕಟ್ಟು, ಮೇಲೊಂದು ಅಟ್ಟ, ನಾಲ್ಕು ಹುಟ್ಟುಗಳು. ದೋಣಿಯದೂ ಐವರು ಜನರದೂ ಸೇರಿ ಭಾರ 500 ಕಿಲೋಗ್ರಾಂ ಆದರೆ, ಆರ್ಕಿಮಿಡೀಸನ ನಿಯಮದಂತೆ ಅದು ಅರ್ಧ ಘನಮೀಟರ್ ನೀರನ್ನು ಸರಿಸಬೇಕು. ಒಡಲುಗಳ ಮಟ್ಟದ ವಿಸ್ತೀರ್ಣ 5 ಚದರ ಮೀಟರ್ ಇರುವುದರಿಂದ ದೋಣಿ 10 ಸೆಂಟಿಮೀಟರ್ ಮಾತ್ರ ಮುಳುಗುತ್ತದೆ. ಬೇಸಗೆಯ ತೆಳುನೀರಿಗೂ ಅದು ಒಗ್ಗುತ್ತದೆ. ಇದನ್ನು ಮಕ್ಕಳೇ ಊರಿನ ಆಚಾರಿಯ ಕೈಕೆಳಗೆ ಕಟ್ಟಬೇಕು. ನೀರಿಗೆ ಇಳಿಸುವ ಮುನ್ನ ಎಷ್ಟು ಮುಳುಗುವುದೆಂದು ಬರೆದಿಡಬೇಕು. ಇಳಿಸಿದ ಮೇಲೆ ಅಳೆದು ತಾಳೆ ನೋಡಬೇಕು. ಭೌತಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿದೆ? ಕೈಯೂ ಬುದ್ಧಿಯೂ ಜೊತೆಯಾಗಿ ಕಲಿಯಬೇಕೆಂಬ ಮಾತು ಪುತ್ತೂರಿಗೆ ಹೊಸತೂ ಅಲ್ಲ; ಶಿವರಾಮ ಕಾರಂತರ ಬಾಲವನ ಅಲ್ಲಿಯೇ ಇದೆ.

ಪಂದ್ಯವೂ ಇರಲಿ, ಪಂದ್ಯವಿಲ್ಲದ ವಿದ್ಯೆಗೆ ತರುಣರ ಮನಸ್ಸು ಓಡದು. ಆದರೆ ಬರಿಯ ವೇಗಕ್ಕೆ ಬಹುಮಾನ ಬೇಡ. ಗೊತ್ತುಪಡಿಸಿದ ಭಾರವನ್ನು ಹೊತ್ತು ಹೋಗಿಬರುವುದಕ್ಕೆ, ನೀರಿಗೆ ಎಸೆದ ಬೊಂಬೆಯನ್ನು ಬೇಗನೆ ಎತ್ತಿ ತರುವುದಕ್ಕೆ, ಕವುಚಿದ ದೋಣಿಯನ್ನು ಜೊತೆಗಾರರು ಸೇರಿ ನೆಟ್ಟಗೆ ಮಾಡುವುದಕ್ಕೆ ಅಂಕಗಳಿರಲಿ. ಅಂತಹ ಪಂದ್ಯದಲ್ಲಿ ಗೆದ್ದವನು ಮುಂದೊಂದು ದಿನ ಒಂದು ಜೀವವನ್ನು ಉಳಿಸಿಯಾನು.

ನಿಯಮಗಳು ಕಟ್ಟುನಿಟ್ಟಾಗಿರಬೇಕು. ಈಜು ಬಲ್ಲವನೂ ತೇಲುವ ಅಂಗಿಯನ್ನು ತೊಡದೆ ದೋಣಿ ಹತ್ತಬಾರದು. ಅಣೆಕಟ್ಟಿನ ಕಿಂಡಿಗಳ ಸಮೀಪಕ್ಕೆ ಹೋಗದಂತೆ ಹಗ್ಗದ ಎಲ್ಲೆ ಕಟ್ಟಿರಬೇಕು. ಮೋಡ ಕವಿದ ದಿನ ಪಾಠವಿಲ್ಲ. ಮೀನುಗಳಿಗೂ ಸ್ನಾನಘಟ್ಟಗಳಿಗೂ ತೊಂದರೆಯಾಗದಂತೆ ಯಂತ್ರವನ್ನು ಇಡಬಾರದು. ಕುಮಾರಧಾರೆಯ ಮೀನುಗಳನ್ನು ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದ ಜನರಿಗೆ ಇದನ್ನು ಒತ್ತಿ ಹೇಳಬೇಕಾಗಿಲ್ಲ. ಒಡಲಿನ ಹೊರಮೈಗೆ ಬಣ್ಣದ ಗೆರೆಯೊಂದನ್ನು ಎಳೆದು, ಅದು ಮುಳುಗುವಷ್ಟು ಭಾರವನ್ನು ಎಂದಿಗೂ ಹೇರಬಾರದು. ಹಡಗುಗಳಿಗೆ ಅಂತಹ ಗೆರೆಯನ್ನು ಬ್ರಿಟನ್ನಿನಲ್ಲಿ ಕಾಯಿದೆಯ ಮೂಲಕ ತರಿಸಲು ಸಾಮ್ಯುಯೆಲ್ ಪ್ಲಿಮ್ಸಾಲ್ ವರ್ಷಗಟ್ಟಲೆ ಹೋರಾಡಬೇಕಾಯಿತು. ಆ ಕಾಯಿದೆ ಬಂದುದೂ ಅಮರಿಲಿಸ್ ಓಡಿದ 1876ರಲ್ಲಿಯೇ. ನಮ್ಮ ಮಕ್ಕಳಿಗೆ ಒಂದು ಡಬ್ಬಿ ಬಣ್ಣ ಸಾಕು.

‘ಮಕ್ಕಳನ್ನು ಹೊಳೆಗೆ ಕಳುಹಿಸಿ ನಿದ್ದೆ ಮಾಡುವುದು ಹೇಗೆ?’ ಎಂದು ತಾಯಂದಿರು ಕೇಳುವರು. ಆ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅವರ ಮಕ್ಕಳು ಈಗಲೂ ಹೊಳೆಗೆ ಹೋಗುತ್ತಲೇ ಇದ್ದಾರೆ. ಮನೆಯಲ್ಲಿ ಹೇಳದೆ, ಗುರುಗಳಿಲ್ಲದೆ, ತೇಲುವ ಅಂಗಿಯಿಲ್ಲದೆ ಹೋಗುತ್ತಿದ್ದಾರೆ. ಹೇಳಿ ಹೋಗುವ ದಾರಿಯೊಂದನ್ನು ಮಾಡಿಕೊಡಬೇಕೆಂಬುದಷ್ಟೇ ನಮ್ಮ ಮಾತು. ಖರ್ಚಿನ ಆಕ್ಷೇಪಕ್ಕೂ ಉತ್ತರವಿದೆ: ದೋಣಿಯ ಮರ, ಬಿದಿರು, ಹಗ್ಗಗಳಿಗೆ ಆಗುವ ವೆಚ್ಚವನ್ನು ಊರಿನ ಒಂದೆರಡು ಸಂಘಗಳು ಸೇರಿದರೆ ಭರಿಸಬಹುದು. ಅಂಗಿಗಳಿಗೂ ಶಿಕ್ಷಕರ ತರಬೇತಿಗೂ ಸರಕಾರ ಕೈನೀಡಬೇಕು. ಜಲಮಾರ್ಗದ ಕಾಗದಗಳಿಗೆ ವ್ಯಯಿಸುವ ಹಣದ ಒಂದು ಅಂಶ ಅದಕ್ಕೆ ಸಾಕು.

ಚಂಪಾಷಷ್ಠಿಯ ಜಾತ್ರೆಯ ಕೊನೆಗೆ ಸುಬ್ರಹ್ಮಣ್ಯದಲ್ಲಿ ದೇವರಿಗೆ ಕುಮಾರಧಾರೆಯ ಮೇಲೆ ನೌಕಾವಿಹಾರ ನಡೆಯುತ್ತದೆ. ವರ್ಷಕ್ಕೊಮ್ಮೆ ದೇವರು ದೋಣಿ ಹತ್ತುವ ಹೊಳೆಯಲ್ಲಿ, ಅದರ ದಂಡೆಯ ಮಕ್ಕಳು ದೋಣಿ ನಡೆಸುವ ವಿದ್ಯೆಯನ್ನು ಕಲಿಯದೆ ಉಳಿಯುವುದು ನಮಗೆ ಸರಿದೋರುವುದಿಲ್ಲ. ಈ ಬರಹವನ್ನು ಓದಿದ ಯಾವುದಾದರೊಂದು ಶಾಲೆಯ ನಾಲ್ಕು ಮಂದಿ ವಿದ್ಯಾರ್ಥಿಗಳು, ಎರಡು ಬಾಳೆದಿಂಡುಗಳನ್ನು ಮೊದಲು ಒಂದಕ್ಕೊಂದು ತಾಗಿಸಿ, ಆಮೇಲೆ ಕಡ್ಡಿಗಳಿಂದ ಅಗಲಿಸಿ ಕಟ್ಟಿ, ಶಾಲೆಯ ತೊಟ್ಟಿಯಲ್ಲಿ ತೇಲಿಬಿಟ್ಟು, ಒಂದು ಪಕ್ಕದಲ್ಲಿ ಕಲ್ಲಿಟ್ಟು ಎಷ್ಟು ವಾಲುವುದೆಂದು ಅಳೆದು ನೋಡಲಿ. ತಮ್ಮ ಗುರುಗಳಿಗೆ ಆ ಲೆಕ್ಕವನ್ನು ತೋರಿಸಿ, ‘ದೊಡ್ಡದನ್ನು ಯಾವಾಗ ಕಟ್ಟೋಣ?’ ಎಂದು ಕೇಳಲಿ.